ಗ್ರಾಮಸಂಪತ್ತಿನ ಆಡಳಿತವನ್ನು ಕುರಿತ ಸಂಶೋಧನೆ: ರೈತರ ಮಕ್ಕಳಿಗೆ ತೆರೆದಿರುವ ಒಂದು ವೃತ್ತಿ

ಠಾಣಾ ಕುಶನೂರ ಹೋಬಳಿಯು ಬೀದರ ಜಿಲ್ಲೆಯ ಉತ್ತರ ಭಾಗದಲ್ಲಿರುವುದು. ಮೊದಲು ಔರಾದ ತಾಲ್ಲೂಕಿಗೆ ಸೇರಿದ್ದ ಈ ಹೋಬಳಿಯು ಈಗ ಕಮಲನಗರ ತಾಲ್ಲೂಕಿಗೆ ಸೇರಿರುತ್ತದೆ. ಈ ಸೀಮೆಯ ಎರೆಭೂಮಿಯಲ್ಲಿ ತೊಗರಿ, ಉದ್ದು, ಹೆಸರು, ಸೋಯಾ, ಜೋಳ, ಕಡಲೆಗಳು ಮುಖ್ಯವಾದ ಬೆಳೆಗಳು. ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡಿರುವುದು. ಇಲ್ಲಿಯ ಜಮೀನುದಾರರ ಮನೆಗಳಲ್ಲಿ ಮಗನಾಗಲಿ ಮಗಳಾಗಲಿ ಪಿ.ಯು.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ಕೂಡಲೆ ಮುಂದಿನ ವ್ಯಾಸಂಗದ ಮಾತು ಏಳುವುದು ಸಹಜ. ಆಗ ವೈದ್ಯವೃತ್ತಿ, ಎಂಜಿನಿಯರಿಂಗು, ಕಚೇರಿಯ ನೌಕರಿ, ಶಾಲಾಮಾಸ್ತರಿಕೆ ಇವುಗಳ ವಿಚಾರವೇ ಬರುವುದಲ್ಲದೆ ಬೇರೊಂದು ವೃತ್ತಿಯ ಹೆಸರು ಕೇಳಿಬರುವುದು ಅಪರೂಪ. ಆದರೆ ಹಳ್ಳಿಯ ನೀರು, ಗಾಯರಾಣ, ಬೆಳೆವಿಮೆ, ಪಂಚಾಯಿತಿಯ ಹಣ ಮುಂತಾದವುಗಳನ್ನು ಯಾವ ಕಟ್ಟಳೆಯಂತೆ ನಡೆಸಿದರೆ ಈಗಿನವರಿಗೂ ಮುಂದಿನವರಿಗೂ ಕ್ಷೇಮವಾಗುವುದೆಂಬುದನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ವಿದ್ಯೆಯೊಂದು ಬೆಳೆದು ನಿಂತಿದೆ. ಅದನ್ನು ಬೋಧಿಸಿ, ಅದರಲ್ಲಿ ಸಂಶೋಧನೆ ನಡೆಸಿ ಜೀವನ ಮಾಡುವವರೂ ಇದ್ದಾರೆ. ಈ ವೃತ್ತಿಯ ಸ್ವರೂಪ, ಅದಕ್ಕೆ ಹಿಡಿಯುವ ಕಾಲ, ಖರ್ಚು, ಅದರಲ್ಲಿರುವ ತೊಡಕು, ಅದರಿಂದ ಗ್ರಾಮಕ್ಕಾಗಬಹುದಾದ ಪ್ರಯೋಜನ ಇವುಗಳನ್ನು ಗ್ರಾಮಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕವಾದುದರಿಂದ ಅವುಗಳನ್ನು ಕೆಳಗೆ ವಿವರಿಸಲಾಗಿದೆ.

ಈ ವಿದ್ಯೆಯ ಸ್ವರೂಪ

ಸರ್ಕಾರವು ಯಾವ ಕೆಲಸವನ್ನು, ಯಾರ ಸಲುವಾಗಿ, ಎಷ್ಟು ವೆಚ್ಚದಲ್ಲಿ, ಯಾವ ನಿಬಂಧನೆಗಳಿಗೆ ಒಳಪಡಿಸಿ ಮಾಡತಕ್ಕದ್ದೆಂದು ನಿರ್ಣಯಿಸುವುದಕ್ಕೆ ಸಾರ್ವಜನಿಕ ನೀತಿಯೆಂದು ಹೆಸರು. ಮಣ್ಣು, ನೀರು, ಹುಲ್ಲು, ಮರಗಳನ್ನು ಬಳಸುತ್ತಲೇ ಅವು ನಾಶವಾಗದಂತೆ ಕಾಪಾಡಿಕೊಳ್ಳುವುದಕ್ಕೆ ಸುಸ್ಥಿರತೆಯೆಂದು ಹೆಸರು. ಇವೆರಡೂ ಕೂಡುವ ಸ್ಥಳದಲ್ಲಿ ಈ ವಿದ್ಯೆಯು ಕೆಲಸ ಮಾಡುವುದು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು.

೨೦೧೬ನೆಯ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯ, ಬೇಳೆಕಾಳು, ಎಣ್ಣೆಕಾಳುಗಳಿಗೆ ರೈತನು ವಿಮೆಯ ಮೊತ್ತದಲ್ಲಿ ಶೇಕಡಾ ೨ರಷ್ಟನ್ನೂ, ಹಿಂಗಾರಿನ ಅಂಥ ಬೆಳೆಗಳಿಗೆ ಶೇಕಡಾ ೧.೫ರಷ್ಟನ್ನೂ ಕಂತಾಗಿ ಕೊಡತಕ್ಕದ್ದೆಂದು ಗೊತ್ತುಮಾಡಲಾಯಿತು. ಮುಖ್ಯ ಬೆಳೆಗಳಲ್ಲಿ ನಷ್ಟವನ್ನು ಒಂದೊಂದು ಹೊಲವನ್ನು ನೋಡಿ ನಿಶ್ಚಯಿಸುವುದಲ್ಲ. ಗ್ರಾಮ ಪಂಚಾಯಿತಿಯನ್ನು ಒಂದು ಘಟಕವೆಂದು ತಿಳಿದು, ಅದರೊಳಗೆ ನಾಲ್ಕು ಕಡೆ ಬೆಳೆ ಕಟಾವಿನ ಪ್ರಯೋಗ ನಡೆಸಿ, ಬಂದ ಸರಾಸರಿ ಇಳುವರಿಯಿಂದ ಪರಿಹಾರವನ್ನು ಲೆಕ್ಕ ಹಾಕುವುದು ಪದ್ಧತಿ. ಮೇಲಿನ ಹೊಲಗಳಿಗೆ ಮಳೆ ಬಿದ್ದು ಕೆಳಗಿನ ಹೊಲಗಳಿಗೆ ಬೀಳದಿದ್ದ ವರ್ಷದಲ್ಲಿ ಈ ಸರಾಸರಿಯು ಯಾರಿಗೆ ನ್ಯಾಯವಾಗುವುದು, ಯಾರಿಗೆ ಅನ್ಯಾಯವಾಗುವುದು? ಘಟಕವು ಚಿಕ್ಕದಾದರೆ ಖರ್ಚು ಎಷ್ಟು ಹೆಚ್ಚುವುದು? ನಾಲ್ಕು ಪ್ರಯೋಗಗಳು ಸಾಕೆ, ಎಂಟು ಬೇಕೆ? ಇಂಥ ಪ್ರಶ್ನೆಗಳಿಗೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಉತ್ತರ ಹೇಳುವವರು ಬಹಳ. ಅಂಕಿಗಳನ್ನು ಕೂಡಿಸಿ, ಹಲವು ಗ್ರಾಮಗಳನ್ನು ಹೋಲಿಸಿ, ಸರ್ಕಾರವು ಒಪ್ಪಲೇಬೇಕಾದ ರೀತಿಯಲ್ಲಿ ಬರೆದು ತೋರಿಸುವವರು ಕೆಲವರು. ಆ ಕೆಲವರ ವೃತ್ತಿಯನ್ನು ಕುರಿತದ್ದೇ ಈ ಲೇಖನ.

ಬೀದರ ಜಿಲ್ಲೆಯನ್ನು ಕುರಿತು ನಡೆದ ಕೆಲಸ

ಈ ಸಂಶೋಧನೆಯು ಬೀದರ ಜಿಲ್ಲೆಗೆ ಹೊಸದಲ್ಲ. ಜೋಧಪುರದ ಮರುಭೂಮಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ, ಅನಂತರ ಹೈದರಾಬಾದಿನ ಬಳಿಯ ಪಟಾನಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ ಎಂಬವರು ದೇಶದ ಏಳು ರಾಜ್ಯಗಳ ೮೨ ಗ್ರಾಮಗಳಲ್ಲಿ ಸಾಮುದಾಯಿಕ ಭೂಮಿಗಳ ಸ್ಥಿತಿಯನ್ನು ಪರೀಕ್ಷಿಸಿ ೧೯೮೬ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡ ಒಣಬೇಸಾಯದ ಜಿಲ್ಲೆಗಳಲ್ಲಿ ಕರ್ನಾಟಕದ ಬೀದರ, ಗುಲಬರ್ಗಾ, ಧಾರವಾಡ, ಮೈಸೂರು ಜಿಲ್ಲೆಗಳೂ ಇದ್ದವು. ೧೯೫೦ರ ತರುವಾಯದ ಸುಮಾರು ಮೂವತ್ತು ವರ್ಷಗಳಲ್ಲಿ ಗಾಯರಾಣ, ಪಡಾ ಭೂಮಿ ಮುಂತಾದವುಗಳು ಹಲವು ಕಡೆ ಮೂರರಲ್ಲಿ ಒಂದು ಪಾಲಿನಿಂದ ಅರ್ಧದಷ್ಟರವರೆಗೂ ಕಡಿಮೆಯಾದವೆಂಬುದು ಅವರಿಗೆ ಕಂಡುಬಂತು. ಬಡವರಿಗೆ ಹಂಚುವುದಕ್ಕಾಗಿ ತೆಗೆದ ಅಂಥ ಭೂಮಿಯಲ್ಲಿ ದೊಡ್ಡ ಪಾಲು ಬಡವರಲ್ಲದವರ ಕೈಸೇರಿತೆಂಬುದನ್ನೂ, ಸೌದೆ, ಮೇವು, ಕಾಯಿಪಲ್ಯಗಳಿಗಾಗಿ ಬಡ ಕುಟುಂಬಗಳು ಈ ಭೂಮಿಯನ್ನೇ ನಂಬಿದ್ದವೆಂಬುದನ್ನೂ ಅವರು ಅಂಕಿಗಳಿಂದ ತೋರಿಸಿದರು. ಅದುವರೆಗೆ ಪಡಾ ಭೂಮಿಯೆಂದು ಕಡೆಗಣಿಸಲ್ಪಟ್ಟಿದ್ದುದು ಗ್ರಾಮದ ಆದಾಯದ ಒಂದು ಅಂಗವೆಂದು ಸರ್ಕಾರಗಳ ಗಮನಕ್ಕೆ ಬರುವುದರಲ್ಲಿ ಈ ಅಧ್ಯಯನವು ಮುಖ್ಯವಾಯಿತು.

ಎರಡನೆಯ ನಿದರ್ಶನವು ಡಾ. ಡಿ. ಎಂ. ನಂಜುಂಡಪ್ಪನವರದು. ಇವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಅನಂತರ ಕುಲಪತಿಗಳೂ ಆಗಿದ್ದರು. ಪ್ರಾದೇಶಿಕ ಅಸಮಾನತೆಯನ್ನು ಪರೀಕ್ಷಿಸಲು ೨೦೦೦ದಲ್ಲಿ ರಾಜ್ಯ ಸರ್ಕಾರವು ನೇಮಿಸಿದ ಉನ್ನತಾಧಿಕಾರ ಸಮಿತಿಗೆ ಅವರು ಅಧ್ಯಕ್ಷರಾದರು. ೨೦೦೨ರಲ್ಲಿ ಸಲ್ಲಿಸಿದ ವರದಿಯಲ್ಲಿ ೩೫ ಸೂಚಕಗಳನ್ನು ಇಟ್ಟುಕೊಂಡು, ಅಂದಿದ್ದ ೧೭೫ ತಾಲ್ಲೂಕುಗಳನ್ನು ಅಳೆದು, ೧೧೪ ತಾಲ್ಲೂಕುಗಳು ಹಿಂದುಳಿದಿವೆಯೆಂದು ನಿರ್ಣಯಿಸಲಾಯಿತು. ಅವುಗಳಲ್ಲಿ ೩೯ ತಾಲ್ಲೂಕುಗಳು ಅತ್ಯಂತ ಹಿಂದುಳಿದವು, ಔರಾದವೂ ಅವುಗಳಲ್ಲೊಂದು. ಔರಾದ ಹಿಂದುಳಿದಿದೆಯೆಂಬುದು ಅಲ್ಲಿಯ ಜನರಿಗೆ ಮೊದಲೇ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಸ್ಥಾಪಿಸಿ ತೋರಿಸುವುದು ಬೇರೆ. ಈ ವರದಿಯಾದ ಮೇಲೆ ಹಣದ ಹಂಚಿಕೆಯ ಚರ್ಚೆಗಳಲ್ಲಿ ತಾಲ್ಲೂಕಿನ ಸ್ಥಾನವನ್ನು ಯಾರೂ ಬಾಯಿಮಾತಿನಿಂದ ಅಲ್ಲಗಳೆಯುವಂತಿರಲಿಲ್ಲ.

ಮೂರನೆಯದು ಬೀದರ ನಗರದ ಬಳಿಯ ನೌಬಾದಿನಲ್ಲಿರುವ ಸುರಂಗ ಬಾವಿ. ಬಹಮನಿ ಅರಸರ ಕಾಲದಲ್ಲಿ ನೆಲದೊಳಗೆ ಕೊರೆದು ನೀರು ಹರಿಸಿದ ಈ ಕಾಲುವೆಯು ಹೂಳಿನಿಂದ ಮುಚ್ಚಿಹೋಗಿತ್ತು. ಕೇರಳದ ಕಾಲೇಜೊಂದರ ಭೂಗೋಳಶಾಸ್ತ್ರದ ಅಧ್ಯಾಪಕರೊಬ್ಬರು ಅದರ ಜಾಡನ್ನು ನಕ್ಷೆಯಲ್ಲಿ ಗುರುತಿಸಿದರು. ೨೦೧೫ರ ಸುಮಾರಿಗೆ ಹೂಳೆತ್ತುವ ಕೆಲಸ ನಡೆಯಿತು.

ಈ ಮೂರು ನಿದರ್ಶನಗಳಲ್ಲಿಯೂ ಗಮನಿಸತಕ್ಕ ಒಂದು ಸಂಗತಿಯುಂಟು. ಭೂಮಿ ಈ ಜಿಲ್ಲೆಯದು, ತಾಲ್ಲೂಕು ಈ ಜಿಲ್ಲೆಯದು, ನೀರೂ ಈ ಜಿಲ್ಲೆಯದು. ಪರೀಕ್ಷಿಸಿ ಬರೆದವರು ಮಾತ್ರ ಹೊರಗಿನವರು. ಅವರ ಕೆಲಸವು ಪ್ರಶಂಸನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಸೀಮೆಯ ಜನರು ಯಾವಾಗಲೂ ಪ್ರಶ್ನೆಗಳಿಗೆ ಉತ್ತರ ಕೊಡುವವರಾಗಿಯೇ ಉಳಿದು, ಪ್ರಶ್ನೆಯನ್ನು ಕೇಳುವವರು ಅವರಲ್ಲಿ ಒಬ್ಬರೂ ಹುಟ್ಟದಿದ್ದರೆ, ಆ ಸೀಮೆಗೆ ಬೇಕಾದ ಪ್ರಶ್ನೆಗಳು ಕೇಳದೆಯೇ ಹೋಗುವ ಸಂಭವ ಹೆಚ್ಚು.

ಅಧ್ಯಯನವು ಫಲ ಕೊಟ್ಟ ಬಗೆ

ಸಂಶೋಧನೆಯಿಂದ ಪೈರಿನಂತೆ ಆರು ತಿಂಗಳಲ್ಲಿ ಫಲ ಬರುವುದಿಲ್ಲ. ಪುಣೆಯ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಡಾ. ಹೆರಾಲ್ಡ್ ಮ್ಯಾನ್ ಎಂಬವರು ಪುಣೆಯ ಹತ್ತಿರದ ಪಿಂಪಳೆ ಸೌದಾಗರ ಎಂಬ ಗ್ರಾಮವನ್ನು ಪರೀಕ್ಷಿಸಿ ೧೯೧೭ರಲ್ಲಿ ಪುಸ್ತಕವನ್ನು ಪ್ರಕಟಿಸಿದರು. ೧೭೭೧ರಲ್ಲಿ ಸರಾಸರಿ ೪೦ ಎಕರೆಯಿದ್ದ ಹಿಡುವಳಿಯು ೧೯೧೪-೧೫ರ ವೇಳೆಗೆ ೭ ಎಕರೆಗೆ ಇಳಿದಿತ್ತೆಂದೂ, ಅದೂ ಅಲ್ಲಲ್ಲಿ ಚೂರುಚೂರಾಗಿತ್ತೆಂದೂ ಅವರು ತೋರಿಸಿದರು. ಇಂಥ ಅಧ್ಯಯನಗಳಿಂದ ಬೆಳೆದ ಚರ್ಚೆಯ ನಂತರ ಮುಂಬಯಿ ಪ್ರಾಂತದಲ್ಲಿ ಹಿಡುವಳಿಗಳು ತುಂಡಾಗುವುದನ್ನು ತಡೆದು ಒಟ್ಟುಗೂಡಿಸುವ ಶಾಸನವು ಬಂದುದು ೧೯೪೭ರಲ್ಲಿ. ನಡುವೆ ಕಳೆದುದು ಮೂವತ್ತು ವರ್ಷ.

ಫಲವು ಬೇಗ ಬಂದ ಉದಾಹರಣೆಯೂ ಇಲ್ಲದಿಲ್ಲ. ೧೯೩೦ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ನಿರ್ದೇಶಕರಾಗಿದ್ದ ಧನಂಜಯರಾವ್ ಗಾಡಗೀಳರು ಅಹಮದನಗರ ಜಿಲ್ಲೆಯ ಲೋಣಿಯಲ್ಲಿ ವಿಠ್ಠಲರಾವ್ ವಿಖೆ ಪಾಟೀಲರೊಡನೆ ಸೇರಿ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟುವುದರಲ್ಲಿ ಶ್ರಮಿಸಿ, ಅದರ ಆರಂಭದ ವರ್ಷಗಳಲ್ಲಿ ಅಧ್ಯಕ್ಷರೂ ಆಗಿದ್ದರು. ವಿಖೆ ಪಾಟೀಲರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ; ಗಾಡಗೀಳರು ನೇಗಿಲು ಹಿಡಿದವರಲ್ಲ. ರೈತರ ವಿಶ್ವಾಸವನ್ನು ಒಬ್ಬರು ತಂದರು, ಲೆಕ್ಕಾಚಾರದ ವಿದ್ಯೆಯನ್ನು ಮತ್ತೊಬ್ಬರು ತಂದರು. ಗಾಡಗೀಳರು ಮುಂದೆ ೧೯೬೭ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ರಾಜ್ಯಗಳಿಗೆ ಕೇಂದ್ರದ ಸಹಾಯಧನವನ್ನು ಹಂಚುವ ಸೂತ್ರವೊಂದಕ್ಕೆ ಅವರ ಹೆಸರೇ ಬಂದಿತು.

ಬಾವಿಯ ನೀರಿನಿಂದ ನೊಬೆಲ್ ಬಹುಮಾನದವರೆಗೆ

ಈ ವೃತ್ತಿಯ ದಾರಿಯು ಹೇಗಿರುವುದೆಂಬುದಕ್ಕೆ ಅಮೆರಿಕದ ಎಲಿನಾರ್ ಆಸ್ಟ್ರಂ ಎಂಬ ಮಹಿಳೆಯ ಜೀವನವನ್ನು ನೋಡಬಹುದು. ಗಣಿತದ ತಯಾರಿ ಸಾಲದೆಂಬ ಕಾರಣದಿಂದ ಅರ್ಥಶಾಸ್ತ್ರದ ಡಾಕ್ಟರೇಟಿಗೆ ಅವರಿಗೆ ಪ್ರವೇಶ ದೊರೆಯಲಿಲ್ಲ. ರಾಜ್ಯಶಾಸ್ತ್ರದಲ್ಲಿ ಸೇರಿ ೧೯೬೫ರಲ್ಲಿ ಪದವಿ ಪಡೆದರು. ಅವರ ಪ್ರಬಂಧದ ವಿಷಯವು ಬಾವಿಯ ನೀರು: ದಕ್ಷಿಣ ಕ್ಯಾಲಿಫೋರ್ನಿಯದ ಒಂದು ಸೀಮೆಯಲ್ಲಿ ಎಲ್ಲರೂ ಮಿತಿಮೀರಿ ನೀರೆತ್ತಿದುದರಿಂದ ಸಮುದ್ರದ ಉಪ್ಪುನೀರು ಒಳಕ್ಕೆ ನುಗ್ಗಿದಾಗ, ನೀರೆತ್ತುವವರೇ ಕೂಡಿ ಕಟ್ಟಳೆ ಮಾಡಿಕೊಂಡ ಬಗೆಯನ್ನು ಅವರು ವಿವರಿಸಿದರು. ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಮೊದಲು ದೊರೆತುದು ತಾತ್ಕಾಲಿಕವಾದ ಅಧ್ಯಾಪಕ ಸ್ಥಾನ. ಅಲ್ಲಿಂದ ಇಪ್ಪತ್ತೈದು ವರ್ಷಗಳ ತರುವಾಯ, ೧೯೯೦ರಲ್ಲಿ, ಹಲವು ದೇಶಗಳ ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆಗಳನ್ನು ಹೋಲಿಸಿದ ಮುಖ್ಯ ಗ್ರಂಥವು ಹೊರಬಂತು. ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಆ ಬಹುಮಾನವನ್ನು ಪಡೆದ ಮೊದಲ ಮಹಿಳೆ ಅವರೇ.

ಅವರು ಕಂಡುಕೊಂಡ ಸಾರಾಂಶವು ಗ್ರಾಮಮುಖಂಡರಿಗೆ ಅಪರಿಚಿತವಾದುದಲ್ಲ. ಸಾಮುದಾಯಿಕ ಸಂಪತ್ತಿನ ಗಡಿ ಸ್ಪಷ್ಟವಾಗಿರಬೇಕು. ಕಟ್ಟಳೆಯು ಆ ಸ್ಥಳಕ್ಕೆ ಹೊಂದಿಕೊಂಡಿರಬೇಕು. ಕಟ್ಟಳೆಗೆ ಒಳಪಟ್ಟವರಿಗೆ ಅದನ್ನು ಮಾಡುವುದರಲ್ಲಿ ಪಾಲಿರಬೇಕು. ಕಾಯುವವರು ಬಳಕೆದಾರರಿಗೆ ಜವಾಬ್ದಾರರಾಗಿರಬೇಕು. ದಂಡವು ಮೊದಲು ಲಘುವಾಗಿದ್ದು ತಪ್ಪು ಮರುಕಳಿಸಿದಂತೆ ಹೆಚ್ಚಬೇಕು. ಜಗಳವನ್ನು ಸಮೀಪದಲ್ಲಿಯೇ ಅಗ್ಗವಾಗಿ ತೀರಿಸುವ ಏರ್ಪಾಡಿರಬೇಕು. ಇಂಥ ಏರ್ಪಾಡನ್ನು ಸರ್ಕಾರವು ಮನ್ನಿಸಬೇಕು. ಇವು ಇದ್ದ ಕಡೆ ಹುಲ್ಲೂ ನೀರೂ ಉಳಿದವು. ಇಲ್ಲದ ಕಡೆ ಹಾಳಾದವು. ರಾಬರ್ಟ್ ವೇಡ್ ಎಂಬ ವಿದ್ವಾಂಸರು ಆಂಧ್ರದ ಕರ್ನೂಲು ಜಿಲ್ಲೆಯ ಗ್ರಾಮಗಳನ್ನು ನೋಡಿ ೧೯೮೮ರಲ್ಲಿ ಬರೆದ ಗ್ರಂಥದಲ್ಲಿಯೂ ಇದಕ್ಕೆ ಹೊಂದುವ ಮಾತಿದೆ: ಕಾಲುವೆಯ ಕೊನೆಯಲ್ಲಿದ್ದು ನೀರಿನ ಅಭಾವಕ್ಕೆ ಸಿಕ್ಕುವ ಗ್ರಾಮಗಳೇ ನೀರುಗಂಟಿಗಳನ್ನು ನೇಮಿಸಿಕೊಂಡು ಕಟ್ಟುನಿಟ್ಟಾಗಿ ನಡೆದುಕೊಳ್ಳುತ್ತಿದ್ದವು.

ವ್ಯಾಸಂಗದ ಹಂತಗಳು

ಈ ವೃತ್ತಿಗೆ ಒಂದೇ ಬಾಗಿಲಲ್ಲ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಪರಿಸರವಿಜ್ಞಾನ, ಕೃಷಿವಿಜ್ಞಾನ, ಇವುಗಳಲ್ಲಿ ಯಾವುದಾದರೂ ಒಂದರಿಂದ ಪ್ರವೇಶಿಸಬಹುದು. ಬಿ.ಎಸ್ಸಿ. ಕೃಷಿ ಓದಿದವರು ಕೃಷಿ ಅರ್ಥಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಇತ್ತ ಬರುವುದು ರೈತರ ಮಕ್ಕಳಿಗೆ ಸುಲಭವಾದ ದಾರಿ. ೨೦೦೮ರಲ್ಲಿ ಸ್ಥಾಪಿತವಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಹತ್ತಿರದ್ದು. ಕಲಬುರಗಿಯ ಬಳಿ ಕಡಗಂಚಿಯಲ್ಲಿ ೨೦೦೯ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಕ್ಕಾಗಿಯೇ ೨೦೧೬ರ ಶಾಸನದಂತೆ ವಿಶ್ವವಿದ್ಯಾನಿಲಯವೊಂದು ಏರ್ಪಟ್ಟಿದೆ. ಗಡಿಯಾಚೆ ತುಳಜಾಪುರದಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಗ್ರಾಮೀಣ ಕೇಂದ್ರವಿದ್ದು, ಗ್ರಾಮಾಭಿವೃದ್ಧಿ, ನೈಸರ್ಗಿಕ ಸಂಪತ್ತಿನ ಆಡಳಿತ ಮುಂತಾದ ವಿಷಯಗಳಲ್ಲಿ ಅಲ್ಲಿ ಎಂ.ಎ. ತರಗತಿಗಳು ನಡೆದುಬಂದಿವೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆಯು ೨೦೧೪ರಿಂದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ತರಗತಿಯನ್ನು ನಡೆಸುತ್ತಿರುವುದು. ತರಗತಿಗಳ ಹೆಸರೂ ಶುಲ್ಕವೂ ಆಗಾಗ್ಗೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ತರಿಸಿ ನೋಡತಕ್ಕದ್ದು.

ಸ್ನಾತಕೋತ್ತರ ಪದವಿಯ ಮೇಲೆ ಡಾಕ್ಟರೇಟಿನ ವ್ಯಾಸಂಗ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರಲ್ಲಿ ಹೊರಡಿಸಿದ ನಿಯಮಗಳಂತೆ ಇದಕ್ಕೆ ಕನಿಷ್ಠ ೩ ವರ್ಷ, ಸಾಮಾನ್ಯವಾಗಿ ೬ ವರ್ಷಗಳ ಮಿತಿ. ಹೆಣ್ಣುಮಕ್ಕಳಿಗೆ ಇನ್ನೂ ೨ ವರ್ಷಗಳ ರಿಯಾಯಿತಿಯನ್ನೂ, ಹೆರಿಗೆ ಹಾಗೂ ಶಿಶುಪಾಲನೆಗಾಗಿ ೨೪೦ ದಿವಸಗಳವರೆಗೆ ರಜೆಯನ್ನೂ ಕೊಡಬಹುದು. ಮದುವೆಯಾದರೆ ಓದು ನಿಂತಿತೆಂದು ತಿಳಿಯುವ ಮನೆಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಸಂಶೋಧನೆಗೆ ಪ್ರಸಿದ್ಧವಾದ ಸಂಸ್ಥೆಗಳಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯು ಮುಖ್ಯವಾದುದು. ಇದನ್ನು ೧೯೭೨ರಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಅವರು ಸ್ಥಾಪಿಸಿದರು. ಕೃಷಿಯನ್ನೂ, ಅಧಿಕಾರ ವಿಕೇಂದ್ರೀಕರಣವನ್ನೂ, ಪರಿಸರದ ಅರ್ಥಶಾಸ್ತ್ರವನ್ನೂ ಕುರಿತ ಪ್ರತ್ಯೇಕ ವಿಭಾಗಗಳು ಇಲ್ಲಿವೆ. ಧಾರವಾಡದ ಬಹುಶಾಸ್ತ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ, ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಇವೂ ಹೆಸರಿಸತಕ್ಕವು.

ಖರ್ಚು ಮತ್ತು ವೇತನ

ಡಾಕ್ಟರೇಟಿಗಾಗಿ ಜಮೀನನ್ನು ಮಾರುವುದಾಗಲಿ ಅಡವಿಡುವುದಾಗಲಿ ಎಷ್ಟು ಮಾತ್ರವೂ ಯುಕ್ತವಲ್ಲ. ಈ ಹಂತದಲ್ಲಿ ವಿದ್ಯಾರ್ಥಿಗೇ ವೇತನ ದೊರೆಯುವ ಏರ್ಪಾಡುಂಟು. ನೆಟ್ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ, ೨೦೨೩ನೆಯ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ೨ ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಆಮೇಲೆ ೪೨,೦೦೦ ರೂಪಾಯಿ ನಿಗದಿಯಾಯಿತು. ಆ ಪರೀಕ್ಷೆಯಿಲ್ಲದೆ ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ಸೇರಿದವರಿಗೆ ಬಹುಕಾಲ ದೊರೆತುದು ತಿಂಗಳಿಗೆ ೮,೦೦೦ ರೂಪಾಯಿ ಮಾತ್ರ. ಈ ಎರಡು ಅಂಕಿಗಳ ಅಂತರವನ್ನು ನೋಡಿದರೆ, ಎಂ.ಎ. ಮುಗಿಯುವ ಮೊದಲೇ ಆ ಪರೀಕ್ಷೆಗೆ ಒಂದು ವರ್ಷ ದುಡಿಯುವುದು ಎಷ್ಟು ಲಾಭಕರವೆಂಬುದು ತಾನಾಗಿ ತಿಳಿಯುವುದು. ಹಣ ಖರ್ಚು ಮಾಡಬೇಕಾದುದು ಅದಕ್ಕೆ ಮುಂಚಿನ ಹಂತದಲ್ಲಿ: ಒಳ್ಳೆಯ ಸ್ನಾತಕೋತ್ತರ ತರಗತಿಗೂ, ಇಂಗ್ಲಿಷ್ ಹಾಗೂ ಗಣಿತದ ತಯಾರಿಗೂ.

ಸಂವಿಧಾನದ ೩೭೧-ಜೆ ವಿಧಿಯ ಪ್ರಕಾರ, ೨೦೧೩ರಲ್ಲಿ ಹೊರಟ ಆಜ್ಞೆಗಳಂತೆ, ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ ೭೦, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇಕಡಾ ೮ ಸ್ಥಾನಗಳು ಸ್ಥಳೀಯರಿಗೆ ಮೀಸಲು. ರಾಜ್ಯದ ನೌಕರಿಗಳಲ್ಲಿಯೂ ಮೀಸಲಾತಿಯುಂಟು. ಇದಕ್ಕೆ ಬೇಕಾದ ಅರ್ಹತಾಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯತಕ್ಕದ್ದು. ಪ್ರವೇಶದ ಕೊನೆಯ ದಿವಸದವರೆಗೆ ಕಾಯತಕ್ಕದ್ದಲ್ಲ.

ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕರ ಮೂಲವೇತನವು ಏಳನೆಯ ಕೇಂದ್ರ ವೇತನ ಪರಿಷ್ಕರಣೆಯಲ್ಲಿ ತಿಂಗಳಿಗೆ ೫೭,೭೦೦ ರೂಪಾಯಿಗಳಿಂದ ಆರಂಭವೆಂದು ನಿಗದಿಯಾಯಿತು. ಗೌರವಯುತವಾದ ಜೀವನಕ್ಕೆ ಇದು ಸಾಲುವುದು, ಐಶ್ವರ್ಯಕ್ಕೆ ದಾರಿಯಲ್ಲ.

ತೊಡಕುಗಳು

ಈ ವೃತ್ತಿಯಲ್ಲಿ ಮೂರು ತೊಡಕುಗಳುಂಟು. ಅವುಗಳನ್ನು ಮರೆಮಾಚಿ ಮಕ್ಕಳನ್ನು ಕಳುಹಿಸುವುದು ಸರಿಯಲ್ಲ.

ಮೊದಲನೆಯದು ಕಾಲ. ಹದಿನೆಂಟು ವರ್ಷಕ್ಕೆ ಪಿ.ಯು.ಸಿ. ಮುಗಿಸಿದ ಹುಡುಗನು ಪದವಿ, ಸ್ನಾತಕೋತ್ತರ, ಡಾಕ್ಟರೇಟು ಇವುಗಳನ್ನು ಒಂದೇ ಸಮನೆ ಮಾಡಿದರೂ ಇಪ್ಪತ್ತೆಂಟು ವರ್ಷವಾಗುವುದು. ಖಾಯಂ ಕೆಲಸ ಸಿಕ್ಕುವ ಹೊತ್ತಿಗೆ ಮೂವತ್ತು ದಾಟುವುದು ಸಾಮಾನ್ಯ. ವಿಶ್ವವಿದ್ಯಾನಿಲಯಗಳಲ್ಲಿ ಹುದ್ದೆಗಳು ವರ್ಷಗಟ್ಟಲೆ ಖಾಲಿಯಿರುವುದೂ, ಡಾಕ್ಟರೇಟು ಪಡೆದವರು ಅತಿಥಿ ಉಪನ್ಯಾಸಕರಾಗಿ ಅಲ್ಪ ಸಂಬಳಕ್ಕೆ ದುಡಿಯುವುದೂ ಎಲ್ಲರಿಗೂ ಗೊತ್ತಿರುವ ವಿಷಯ. ಮನೆಯಲ್ಲಿ ಮೂವರು ಮಕ್ಕಳಿದ್ದು ಒಬ್ಬರ ಸಂಪಾದನೆ ಬೇಗನೆ ಬೇಕಾಗಿರುವ ಕುಟುಂಬವು ಈ ದಾರಿಯನ್ನು ಹಿಡಿಯುವ ಮೊದಲು ಎರಡು ಸಲ ಯೋಚಿಸತಕ್ಕದ್ದು. ಮಧ್ಯಮಾರ್ಗವೊಂದುಂಟು: ಸ್ನಾತಕೋತ್ತರ ಪದವಿಯಾದ ಮೇಲೆ ಒಂದೆರಡು ವರ್ಷ ಸಂಶೋಧನಾ ಸಂಸ್ಥೆಗಳಲ್ಲಿ ಕ್ಷೇತ್ರ ಪರಿವೀಕ್ಷಕರಾಗಿ ಕೆಲಸ ಮಾಡಿ, ಮನಸ್ಸು ನಿಂತರೆ ಮುಂದುವರಿಯುವುದು. ಇಕ್ರಿಸ್ಯಾಟ್ ಸಂಸ್ಥೆಯು ೧೯೭೫ರಲ್ಲಿ ಮಹಬೂಬನಗರ, ಸೋಲಾಪುರ, ಅಕೋಲಾ ಜಿಲ್ಲೆಗಳ ಆರು ಗ್ರಾಮಗಳಲ್ಲಿ ಅಧ್ಯಯನವನ್ನು ಆರಂಭಿಸಿದಾಗ, ಹಳ್ಳಿಯಲ್ಲಿ ಹುಟ್ಟಿ, ಸ್ಥಳದ ಭಾಷೆಯನ್ನು ಬಲ್ಲ ಪದವೀಧರರನ್ನೇ ಆಯಾ ಗ್ರಾಮಗಳಲ್ಲಿ ವಾಸವಿರುವಂತೆ ನೇಮಿಸಿಕೊಂಡಿತು.

ಎರಡನೆಯದು ಭಾಷೆ. ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುವುವು. ಸಂಶೋಧನಾ ಪತ್ರಿಕೆಗಳೂ ಬಹುಪಾಲು ಇಂಗ್ಲಿಷಿನವು. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಮೊದಮೊದಲು ದೊಡ್ಡ ಅಡಚಣೆ. ಆದರೆ ಇದಕ್ಕೆ ಪ್ರತಿಯಾದ ಅನುಕೂಲವೂ ಈ ಸೀಮೆಯವರಿಗಿದೆ. ಔರಾದ, ಭಾಲ್ಕಿ, ಕಮಲನಗರಗಳ ಹುಡುಗರು ಕನ್ನಡವನ್ನೂ ಮರಾಠಿಯನ್ನೂ ಉರ್ದುವನ್ನೂ ಕೇಳುತ್ತಲೇ ಬೆಳೆಯುವರು. ಕೆಲವರಿಗೆ ತೆಲುಗೂ ಬರುವುದು. ಗ್ರಾಮದಿಂದ ಗ್ರಾಮಕ್ಕೆ ಹೋಗಿ ವಿಚಾರಿಸುವ ಸಂಶೋಧಕನಿಗೆ ದುಭಾಷಿಯ ನೆರವಿಲ್ಲದೆ ಮಾತಾಡಬಲ್ಲ ಈ ಶಕ್ತಿಗಿಂತ ದೊಡ್ಡ ಬಂಡವಾಳವಿಲ್ಲ.

ಮೂರನೆಯದು, ಬರೆದುದೆಲ್ಲವೂ ನಡೆಯುವುದಿಲ್ಲವೆಂಬುದು. ಮೇಲೆ ಹೇಳಿದ ಧನಂಜಯರಾವ್ ಗಾಡಗೀಳರ ಪುತ್ರರಾದ ಮಾಧವ ಗಾಡಗೀಳರು ೧೯೮೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರವಿಜ್ಞಾನ ಕೇಂದ್ರವನ್ನು ಸ್ಥಾಪಿಸಿದವರು. ಅವರ ಅಧ್ಯಕ್ಷತೆಯ ಸಮಿತಿಯು ಪಶ್ಚಿಮ ಘಟ್ಟಗಳನ್ನು ಕುರಿತು ೨೦೧೧ರಲ್ಲಿ ಕೊಟ್ಟ ವರದಿಯನ್ನು ರಾಜ್ಯಗಳು ಒಪ್ಪಲಿಲ್ಲ; ಅದರ ಮೇಲೆ ಇನ್ನೊಂದು ಸಮಿತಿ ನೇಮಕವಾಗಿ ೨೦೧೩ರಲ್ಲಿ ಬೇರೊಂದು ವರದಿ ಬಂದಿತು. ವರದಿಯನ್ನು ಗ್ರಾಮಸಭೆಗಳ ಮುಂದೆ ಜನರ ಭಾಷೆಯಲ್ಲಿ ಇಟ್ಟು ಚರ್ಚಿಸಬೇಕೆಂಬುದು ಗಾಡಗೀಳರ ಒತ್ತಾಯವಾಗಿತ್ತು. ಸಂಶೋಧನೆಯು ಎಷ್ಟೇ ಉತ್ತಮವಾಗಿದ್ದರೂ ಗ್ರಾಮದವರು ಅದನ್ನು ತಮ್ಮದೆಂದು ತಿಳಿಯದಿದ್ದರೆ ಕಾಗದದಲ್ಲಿಯೇ ಉಳಿಯುವುದೆಂಬುದಕ್ಕೆ ಇದು ನಿದರ್ಶನ.

ಗ್ರಾಮದ ಹಿರಿಯರು ಮಾಡತಕ್ಕದ್ದು

ಹೊರಗಿನಿಂದ ಬಂದ ವಿದ್ವಾಂಸನಾಗಲಿ, ಊರಿನಲ್ಲಿಯೇ ಹುಟ್ಟಿದ ವಿದ್ಯಾರ್ಥಿಯಾಗಲಿ, ಗ್ರಾಮದಲ್ಲಿ ಲೆಕ್ಕವಿಲ್ಲದಿದ್ದರೆ ಏನನ್ನೂ ಮಾಡಲಾರನು. ಕರ್ನಾಟಕ ಭೂಕಂದಾಯ ನಿಯಮಗಳಂತೆ ೧೦೦ ದನಗಳಿಗೆ ೩೦ ಎಕರೆಯ ಪ್ರಮಾಣದಲ್ಲಿ ಗಾಯರಾಣವನ್ನು ಮೀಸಲಿಡತಕ್ಕದ್ದು. ದನಗಳ ಎಣಿಕೆಯೇ ತಪ್ಪಾಗಿದ್ದರೆ ಎಕರೆಯ ಲೆಕ್ಕವು ಹೇಗೆ ಸರಿಯಾದೀತು? ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವುಮಾಡಿ ಗ್ರಾಮಕ್ಕೆ ಹಿಂತಿರುಗಿಸಬೇಕೆಂದು ೨೦೧೧ನೆಯ ಜನವರಿಯಲ್ಲಿ ಸುಪ್ರೀಂ ಕೋರ್ಟು ಎಲ್ಲಾ ರಾಜ್ಯಗಳಿಗೂ ನಿರ್ದೇಶಿಸಿತು. ಆದರೆ ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಯಾವಾಗಿನಿಂದ ಎಂಬುದನ್ನು ಬರೆದಿಟ್ಟವರು ಇಲ್ಲದಿದ್ದರೆ ಆ ನಿರ್ದೇಶದಿಂದ ಗ್ರಾಮಕ್ಕೆ ಪ್ರಯೋಜನವಾಗದು. ಒತ್ತುವರಿ ಮಾಡಿದವರು ಕೆಲವೊಮ್ಮೆ ಊರಿನ ದೊಡ್ಡ ಮನೆಯವರೇ ಆಗಿರುವುದರಿಂದ ಲೆಕ್ಕವನ್ನು ತೆರೆದು ತೋರಿಸುವುದಕ್ಕೆ ಧೈರ್ಯವೂ ಬೇಕು. ಆ ಧೈರ್ಯವು ಮುಖಂಡರಲ್ಲಿ ಮೊದಲು ಇರತಕ್ಕದ್ದು.

ಆದುದರಿಂದ ಕೆಳಗಿನ ಕೆಲಸಗಳನ್ನು ಪ್ರತಿ ಗ್ರಾಮದಲ್ಲಿಯೂ ಕೈಕೊಳ್ಳುವುದು ಉಚಿತವಾಗಿದೆ.

೧. ಹೈಸ್ಕೂಲು ಮತ್ತು ಪಿ.ಯು.ಸಿ. ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಆರಿಸಿ, ಗೊತ್ತಾದ ಐದಾರು ಬಾವಿಗಳ ನೀರಿನ ಮಟ್ಟವನ್ನು ಪ್ರತಿ ತಿಂಗಳ ಮೊದಲನೆಯ ದಿವಸ ಹಗ್ಗದಿಂದ ಅಳೆದು ಒಂದು ಪುಸ್ತಕದಲ್ಲಿ ಬರೆಯಿಸುವುದು. ಮಳೆಯ ಲೆಕ್ಕವನ್ನೂ ಅದರಲ್ಲಿಯೇ ಬರೆಯಬಹುದು. ಐದು ವರ್ಷಗಳ ಇಂಥ ಪುಸ್ತಕವು ಯಾವ ಸಂಶೋಧಕನಿಗೂ ಬೆಲೆಯುಳ್ಳದ್ದು. ಬರೆದ ಹುಡುಗರಿಗೆ ಅದೇ ಮೊದಲನೆಯ ಪಾಠ.

೨. ೨೦೦೨ರ ಜೀವವೈವಿಧ್ಯ ಶಾಸನದಂತೆ ಪಂಚಾಯಿತಿಯು ಇಡತಕ್ಕ ಜೀವವೈವಿಧ್ಯ ದಾಖಲೆಯನ್ನು ಹೊರಗಿನವರಿಂದ ನಕಲು ಮಾಡಿಸದೆ, ಊರಿನ ವಿದ್ಯಾರ್ಥಿಗಳಿಂದಲೂ ವೃದ್ಧರಿಂದಲೂ ಬರೆಯಿಸುವುದು.

೩. ಬೆಳೆ ಕಟಾವಿನ ಪ್ರಯೋಗ ನಡೆಯುವ ದಿವಸ ರೈತರೂ ಒಬ್ಬ ಓದಿದ ಯುವಕನೂ ಹಾಜರಿದ್ದು ತೂಕವನ್ನು ಗುರುತುಹಾಕಿಕೊಳ್ಳುವುದು.

೪. ಗ್ರಾಮಕ್ಕೆ ಯಾರೇ ಅಧ್ಯಯನಕ್ಕೆ ಬಂದರೂ ಸತ್ಯವಾದ ಉತ್ತರ ಕೊಟ್ಟು, ಮುಗಿದ ಮೇಲೆ ಅದರ ಸಾರಾಂಶವನ್ನು ಕನ್ನಡದಲ್ಲಿ ಪಂಚಾಯಿತಿಗೆ ಒಪ್ಪಿಸುವಂತೆ ಮೊದಲೇ ಮಾತು ತೆಗೆದುಕೊಳ್ಳುವುದು. ಬಂದ ಸಾರಾಂಶವನ್ನು ಗ್ರಾಮಸಭೆಯಲ್ಲಿ ಓದಿಸುವುದು.

೫. ಲೆಕ್ಕದಲ್ಲಿ ಆಸಕ್ತಿಯೂ, ಊರಿನ ವಿಷಯದಲ್ಲಿ ಕುತೂಹಲವೂ, ತಾಳ್ಮೆಯೂ ಇರುವ ಮಗನಾಗಲಿ ಮಗಳಾಗಲಿ ಮನೆಯಲ್ಲಿದ್ದರೆ ಈ ದಾರಿಯನ್ನು ಅವರ ಮುಂದಿಟ್ಟು, ಕಾಲ ಮತ್ತು ವೆಚ್ಚದ ವಿಚಾರವನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಈ ಮೂರು ಗುಣಗಳಿಲ್ಲದವರನ್ನು ಒತ್ತಾಯದಿಂದ ಕಳುಹಿಸುವುದರಿಂದ ಹಣವೂ ವಯಸ್ಸೂ ವ್ಯರ್ಥವಾಗುವುದು.

ನೀರು ಮತ್ತು ಭೂಮಿಯ ಕಟ್ಟಳೆಗಳು ಮುಂದಿನ ವರ್ಷಗಳಲ್ಲಿ ಹೆಚ್ಚುವುವೇ ಹೊರತು ಕಡಿಮೆಯಾಗವು. ಅವುಗಳನ್ನು ಬರೆಯುವ ಕೊಠಡಿಯಲ್ಲಿ ಎರೆಭೂಮಿಯ ಬಿರುಕನ್ನು ಕಣ್ಣಾರೆ ಕಂಡವರೊಬ್ಬರು ಇರಬೇಕಾದರೆ, ಅವರನ್ನು ಓದಿಸುವ ಕೆಲಸವು ಹತ್ತು ವರ್ಷ ಮೊದಲೇ ಹಳ್ಳಿಯ ಮನೆಯಲ್ಲಿ ಆರಂಭವಾಗತಕ್ಕದ್ದು.